ಕಾಗದದಲ್ಲಿ ಇಲ್ಲದ ಹಂತ: ಕೆಲಸದ ಅಪಾಯ ವಿಶ್ಲೇಷಣೆಯನ್ನು ಬರೆಯುವ ಬಗೆ

ಪುಣೆ ಹತ್ತಿರದ ಭೋಸರಿಯಲ್ಲಿ, ತಗಡನ್ನು ಯಂತ್ರದಲ್ಲಿ ಒತ್ತಿ ಬಿಡಿಭಾಗ ಮಾಡುವ ಒಂದು ಸಣ್ಣ ಪ್ರೆಸ್ ಶಾಪಿನಲ್ಲಿ, ಇಂಡಿ ತಾಲ್ಲೂಕಿನ ಹುಡುಗನೊಬ್ಬ ಬಲಗೈಯ ಎರಡು ಬೆರಳು ಕಳೆದುಕೊಂಡ. ಮರುದಿನ ನಾನು ಅಲ್ಲಿಗೆ ಹೋದಾಗ ಮೊದಲು ಕೈಗೆ ಬಂದದ್ದು ಒಂದು ಫೈಲು. ಆ ಕೆಲಸದ ಜೆಎಸ್‌ಎ, ಅಂದರೆ ಅಪಾಯ ವಿಶ್ಲೇಷಣೆಯ ಕಾಗದ, ಅದರಲ್ಲಿತ್ತು. ಇಂಗ್ಲಿಷಿನಲ್ಲಿ, ಅಚ್ಚುಕಟ್ಟಾಗಿ ಟೈಪ್ ಮಾಡಿ, ಸಹಿ ಮತ್ತು ಮೊಹರು ಹಾಕಲಾಗಿತ್ತು. ಒಟ್ಟು ಆರು ಹಂತಗಳು: ತಗಡಿನ ತುಂಡು ತೆಗೆದುಕೊಳ್ಳುವುದು, ಡೈ (ಆಕಾರ ಕೊಡುವ ಅಚ್ಚು) ಮೇಲೆ ಇಡುವುದು, ಪೆಡಲ್ ಒತ್ತುವುದು, ಸಿದ್ಧವಾದ ಜಾಬ್ (ಒತ್ತಿದ ತುಂಡು) ಎತ್ತುವುದು, ಬಿನ್ನಿಗೆ ಹಾಕುವುದು, ಎಣಿಸುವುದು. ಆರರ ಮುಂದೆಯೂ ಒಂದೇ ಸಾಲು: ಕೈಗವಸು ಧರಿಸಿ, ಎಚ್ಚರಿಕೆಯಿಂದ ಕೆಲಸ ಮಾಡಿ. ಹುಡುಗನ ಬೆರಳು ಹೋದದ್ದು ಈ ಆರು ಹಂತಗಳ ಪೈಕಿ ಯಾವುದರಲ್ಲೂ ಅಲ್ಲ. ಜಾಬ್ ಡೈಗೆ ಅಂಟಿಕೊಂಡಿತ್ತು, ಎಬ್ಬಿಸಲು ಕೈ ಹಾಕಿದ್ದ. ಕಾಲು ಪೆಡಲಿನ ಮೇಲೆಯೇ ಇತ್ತು.

ಪಕ್ಕದ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರನ್ನು ಕೇಳಿದೆ. "ಕಾಕಾ, ಜಾಬ್ ಹೀಗೆ ಎಷ್ಟು ಸಲ ಅಂಟುತ್ತದೆ?"

"ದಿನಕ್ಕೆ ಮೂವತ್ತು ನಲವತ್ತು ಸಲ, ಸಾಹೇಬರೇ. ಎಣ್ಣೆ ಸರಿಯಾಗಿ ಸವರದಿದ್ದರೆ ಇನ್ನೂ ಹೆಚ್ಚು."

ದಿನಕ್ಕೆ ನಲವತ್ತು ಸಲ ನಡೆಯುತ್ತಿದ್ದ ಒಂದು ಹಂತ ಕಾಗದದ ಮೇಲೆ ಇರಲೇ ಇಲ್ಲ. ಬರೆದವರು ಆ ಪ್ರೆಸ್ಸಿನ ಎದುರು ಅರ್ಧ ಗಂಟೆ ನಿಂತಿದ್ದರೂ ಅದು ಅವರ ಕಣ್ಣಿಗೆ ಬೀಳುತ್ತಿತ್ತು. ಅಂದಿನಿಂದ ಯಾರಾದರೂ ಜೆಎಸ್‌ಎ ತೋರಿಸಿದರೆ ನಾನು ಹುಡುಕುವುದು ಅದರಲ್ಲಿ ಇಲ್ಲದ ಹಂತವನ್ನೇ.

ಪುಣೆ, ಪಿಂಪ್ರಿ, ಚಾಕಣ, ಮುಂಬೈ ಕಡೆ ಸಣ್ಣ ಕಾರ್ಖಾನೆ, ಹೋಟೆಲು, ಗೋದಾಮು ನಡೆಸುವ ಕನ್ನಡಿಗರು, ಅಲ್ಲಿ ಸೂಪರ್‌ವೈಸರ್ ಆಗಿರುವವರು, ಇಂಡಿ, ಸಿಂದಗಿ, ಅಫಜಲಪುರ, ಆಳಂದದಿಂದ ಬಂದು ದುಡಿಯುವವರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. 1948ರ ಕಾರ್ಖಾನೆ ಕಾಯ್ದೆ ಸುರಕ್ಷತಾ ಅಧಿಕಾರಿಯನ್ನು ಕೇಳುತ್ತಿದ್ದುದು ಸಾಮಾನ್ಯವಾಗಿ ಸಾವಿರ ಮತ್ತು ಹೆಚ್ಚು ಕಾರ್ಮಿಕರಿರುವ ಕಡೆ. ಇಪ್ಪತ್ತು ಮಂದಿಯ ಶಾಪಿನಲ್ಲಿ ಅಂಥವರು ಇರುವುದಿಲ್ಲ. ಅಲ್ಲಿ ಈ ಕಾಗದವನ್ನು ನೀವೇ ಬರೆಯಬೇಕು, ಮತ್ತು ಅದು ಖಂಡಿತ ನಿಮ್ಮಿಂದ ಸಾಧ್ಯ.

ಕೆಲಸದ ಅಪಾಯ ವಿಶ್ಲೇಷಣೆಯನ್ನು ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಜೆಎಸ್‌ಎ ಅಥವಾ ಜೆಎಚ್‌ಎ ಎನ್ನುತ್ತಾರೆ, ಎರಡೂ ಒಂದೇ. ಒಂದು ಕೆಲಸವನ್ನು ಹಂತಗಳಾಗಿ ಬಿಡಿಸುವುದು, ಪ್ರತಿ ಹಂತದಲ್ಲಿ ಯಾರಿಗೆ ಏನು ಕೆಡುಕಾಗಬಹುದು ಎಂದು ನೋಡುವುದು, ಅದು ಆಗದಂತೆ ಏನು ಮಾಡಬೇಕೆಂದು ಬರೆಯುವುದು. ಇಡೀ ಘಟಕದ ಅಪಾಯಗಳನ್ನು ಅಳೆಯುವ ದೊಡ್ಡ ಲೆಕ್ಕವೇ ಬೇರೆ. ಅದಕ್ಕೆ ಹಿರಾ ಎಂಬ ಹೆಸರಿದೆ, 2006ರ ಭಾರತೀಯ ಮಾನಕ ಐಎಸ್ 15656 ಅದರ ಕ್ರಮವನ್ನು ಹೇಳುತ್ತದೆ. ಜೆಎಸ್‌ಎ ಒಂದು ಕೆಲಸಕ್ಕೆ, ಒಂದು ಜಾಗಕ್ಕೆ ಮಾತ್ರ ಸೇರಿದ್ದು.

ಕಾನೂನಿನ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ 7ಎ ಸೆಕ್ಷನ್ ಸೇರಿತು. ಕೆಲಸ ಮಾಡುವವರ ಸುರಕ್ಷತೆ ಕಾರ್ಖಾನೆ ನಡೆಸುವವರ ಹೊಣೆ ಎಂದು ಅದು ಸ್ಪಷ್ಟವಾಗಿ ಹೇಳಿತು. 2020ರ ವೃತ್ತಿ ಸುರಕ್ಷತೆಯ ಸಂಹಿತೆಯೂ ಕೆಲಸದ ಜಾಗವನ್ನು ಅಪಾಯಗಳಿಂದ ಮುಕ್ತವಾಗಿಡುವ ಹೊಣೆಯನ್ನು ಮಾಲೀಕರ ಮೇಲೇ ಹೊರಿಸುತ್ತದೆ. ಅಪಾಯ ಎಲ್ಲಿದೆ ಎಂದು ಹುಡುಕದೆ ಅದರಿಂದ ಮುಕ್ತವಾಗಿಡುವುದು ಹೇಗೆ? ಹುಡುಕುವ ಕ್ರಮವೇ ಈ ವಿಶ್ಲೇಷಣೆ.

ಮೊದಲು ಯಾವ ಕೆಲಸ

ಎಲ್ಲ ಕೆಲಸಗಳಿಗೂ ಒಂದೇ ವಾರದಲ್ಲಿ ಬರೆಯಲು ಹೊರಟವರು ಮೂರನೆಯ ದಿನಕ್ಕೆ ನಕಲು ಹೊಡೆಯಲು ಆರಂಭಿಸುತ್ತಾರೆ. ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಮೊದಲು ಕೆಲಸಗಳ ಪಟ್ಟಿ ಮಾಡಿ. ಈಗಾಗಲೇ ಯಾರಿಗಾದರೂ ಪೆಟ್ಟಾದ ಕೆಲಸ ಪಟ್ಟಿಯ ಮೇಲಕ್ಕೆ ಬರಲಿ. ಹಾಗೆಯೇ ಒಂದೇ ಒಂದು ತಪ್ಪು ಹೆಜ್ಜೆಗೆ ಅಂಗವೋ ಜೀವವೋ ಹೋಗುವಂಥ ಕೆಲಸಗಳು, ಹೊಸ ಯಂತ್ರ ಬಂದ ಅಥವಾ ವಿಧಾನ ಬದಲಾದ ಕೆಲಸಗಳು.

ಇನ್ನೊಂದು ಬಗೆಯ ಕೆಲಸ ಪಟ್ಟಿಯಿಂದ ಸದಾ ಜಾರಿಕೊಳ್ಳುತ್ತದೆ. ಅದು ವರ್ಷಕ್ಕೊಮ್ಮೆ ಮಾಡುವ ಕೆಲಸ. ಪುಣೆಯಲ್ಲಿ ಮೇ ತಿಂಗಳ ಕೊನೆ ಬಂತೆಂದರೆ, ಮಳೆ ಹಿಡಿಯುವ ಮೊದಲು ಶೆಡ್ಡಿನ ಸೋರುವ ಛಾವಣಿ ಸರಿಪಡಿಸಲು ಯಾರನ್ನೋ ಮೇಲೆ ಹತ್ತಿಸುತ್ತಾರೆ. ಹಳೆಯ ಸಿಮೆಂಟ್ ಶೀಟು ಮನುಷ್ಯನ ಭಾರ ತಾಳುವುದಿಲ್ಲ. ನೋಡಲು ಗಟ್ಟಿಯಾಗಿಯೇ ಕಾಣುತ್ತದೆ, ಕಾಲಿಟ್ಟಾಗ ಒಂದು ಮುನ್ಸೂಚನೆಯನ್ನೂ ಕೊಡದೆ ಒಡೆಯುತ್ತದೆ. ಆ ಕೆಲಸ ನಮ್ಮದಲ್ಲ, ಗುತ್ತಿಗೆದಾರನದು ಎಂದು ಅದಕ್ಕೆ ಯಾರೂ ವಿಶ್ಲೇಷಣೆ ಬರೆದಿರುವುದಿಲ್ಲ. ಬೀಳುವುದು ಮಾತ್ರ ನಿಮ್ಮ ನೆಲದ ಮೇಲೆ. ದಯವಿಟ್ಟು ಅದನ್ನು ಪಟ್ಟಿಯಲ್ಲಿ ಮೇಲಕ್ಕೆ ತನ್ನಿ. ಭಾರ ಹಂಚುವ ಹಲಗೆ ಹಾಸದೆ, ಕೆಳಗೆ ಬಲೆ ಕಟ್ಟದೆ, ಬೆಲ್ಟಿನ ಹಗ್ಗ ಬಿಗಿಯಲು ಗಟ್ಟಿ ಜಾಗವಿಲ್ಲದೆ ಯಾರೂ ಮೇಲೆ ಹೋಗಬಾರದು.

ಕೆಲಸದ ಅಳತೆಯೂ ಮುಖ್ಯ. 'ಪ್ರೆಸ್ ಶಾಪಿನ ಕೆಲಸ' ಎಂದರೆ ಬಹಳ ದೊಡ್ಡದಾಯಿತು, 'ಬೋಲ್ಟ್ ಬಿಗಿಯುವುದು' ಎಂದರೆ ಬಹಳ ಚಿಕ್ಕದಾಯಿತು. '30 ಟನ್ ಪ್ರೆಸ್ಸಿನಲ್ಲಿ ಬ್ರಾಕೆಟ್ ಒತ್ತುವುದು' ಎಂದರೆ ಸರಿ. ಒಬ್ಬ ಮನುಷ್ಯ ಆರಂಭಿಸಿ ಮುಗಿಸುವಷ್ಟಿರಲಿ.

ಯಾರ ಜೊತೆ ಕೂತು

ಆ ಕೆಲಸವನ್ನು ದಿನವೂ ಮಾಡುವವರು ಇಲ್ಲದಿದ್ದರೆ ಬರೆಯಬೇಡಿ, ಇನ್ನೊಂದು ದಿನ ನೋಡಿ. ಅವರು, ಸೂಪರ್‌ವೈಸರ್, ಯಂತ್ರ ರಿಪೇರಿ ಮಾಡುವವರು, ಈ ಮೂವರು ಸಾಕು. ಸಾಧ್ಯವಾದರೆ ಕೆಲಸಕ್ಕೆ ಸೇರಿ ತಿಂಗಳೂ ಆಗದ ಒಬ್ಬ ಹೊಸಬನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಳಬರಿಗೆ ರೂಢಿಯಾಗಿ ಕಾಣದೆ ಹೋದದ್ದು ಅವನ ಕಣ್ಣಿಗೆ ಬೀಳುತ್ತದೆ.

ಮೊದಲ ಮಾತು ಹೇಗಿರುತ್ತದೋ ಉಳಿದದ್ದೆಲ್ಲ ಹಾಗೇ ಸಾಗುತ್ತದೆ. "ನಿನ್ನ ತಪ್ಪು ಹುಡುಕಲು ಬಂದಿಲ್ಲ ತಮ್ಮಾ, ಕೆಲಸದ ತಪ್ಪು ಹುಡುಕಲು ಬಂದಿದ್ದೇನೆ" ಎಂದು ನಾನು ಹೇಳುತ್ತೇನೆ, ಹಾಗೆಯೇ ನಡೆದುಕೊಳ್ಳುತ್ತೇನೆ. ಅವರು ಹೇಳಿದ ಒಂದು ಮಾತಿಗೆ ಅವರ ಕೂಲಿ ಕಡಿತವಾಯಿತೆಂದರೆ ಆ ಶಾಪಿನಲ್ಲಿ ಇನ್ನು ಹತ್ತು ವರ್ಷ ನಿಮಗೆ ನಿಜ ಸಿಗುವುದಿಲ್ಲ.

ಭಾಷೆಯ ವಿಷಯವನ್ನು ಇಲ್ಲೇ ಹೇಳಬೇಕು. ಭೋಸರಿಯ ಆ ಶಾಪಿನಲ್ಲಿ ಹಿಂದಿಯಲ್ಲಿ ಕೇಳಿದಾಗ ಎಲ್ಲರೂ "ಸಬ್ ಠೀಕ್ ಹೈ ಸಾಬ್" ಎಂದಿದ್ದರು. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿ ಕೂತಾಗ, ರೊಟ್ಟಿ ಮುರಿಯುತ್ತ, ಕನ್ನಡದಲ್ಲಿ ಕೇಳಿದೆ. ಗಾರ್ಡ್, ಅಂದರೆ ಕೈ ಒಳಗೆ ಹೋಗದಂತೆ ತಡೆಯುವ ಮರೆ, ಯಾಕೆ ಬಿಚ್ಚಿಟ್ಟಿದ್ದೀರಿ? ಉತ್ತರ ತಕ್ಷಣ ಬಂತು: ಗಾರ್ಡ್ ಇದ್ದರೆ ಅಂಟಿದ ಜಾಬ್ ತೆಗೆಯಲು ಪ್ರತಿ ಸಲ ಬಿಚ್ಚಬೇಕು, ಪಾಳಿಯ ಎಣಿಕೆ ತುಂಬುವುದಿಲ್ಲ, ತುಂಬದಿದ್ದರೆ ಓವರ್‌ಟೈಮ್ ಸಿಗುವುದಿಲ್ಲ. ಅಪಾಯದ ಬೇರು ಪೂರ್ತಿ ಆ ಒಂದು ಉತ್ತರದಲ್ಲಿತ್ತು. ಇದನ್ನು ಆಫೀಸಿನಲ್ಲಿ ಕೂತು ಊಹಿಸಲು ಸಾಧ್ಯವೇ ಇರಲಿಲ್ಲ.

ನಿಂತು ನೋಡುವುದು, ಹಂತಗಳಾಗಿ ಬಿಡಿಸುವುದು

ಪೆನ್ನು ತೆಗೆಯದೆ ಮೊದಲ ಹತ್ತು ನಿಮಿಷ ಸುಮ್ಮನೆ ನೋಡಿ. ನೀವು ನಿಂತಾಗ ಎಲ್ಲರೂ ನಿಯಮದಂತೆ ಕೆಲಸ ಮಾಡುತ್ತಾರೆ. ಹದಿನೈದನೆಯ ನಿಮಿಷದ ಹೊತ್ತಿಗೆ ಕೈ ತನ್ನ ರೂಢಿಗೆ ಮರಳುತ್ತದೆ, ಆಮೇಲೆ ಬರೆಯಿರಿ. ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ವಿಡಿಯೊ ತೆಗೆದು ಅವರ ಜೊತೆ ಕೂತು ನೋಡಿದರೆ ಇನ್ನೂ ಒಳ್ಳೆಯದು. "ಇಲ್ಲಿ ಎಡಗೈ ಯಾಕೆ ಹಾಗೆ ಹೋಯಿತು?" ಎಂದು ಕೇಳಬಹುದು.

ಹಂತಗಳನ್ನು ಕ್ರಿಯಾಪದದಿಂದ ಮುಗಿಸಿ: ಎತ್ತುವುದು, ಇಡುವುದು, ಒತ್ತುವುದು. ಏಳರಿಂದ ಹನ್ನೆರಡು ಹಂತಗಳು ಸಾಕು. ಅದಕ್ಕಿಂತ ಹೆಚ್ಚಾದರೆ ನೀವು ಎರಡು ಕೆಲಸಗಳನ್ನು ಕೂಡಿಸಿದ್ದೀರಿ ಎಂದು ಅರ್ಥ. ಹಂತ ಬರೆಯುವಾಗ ಅಪಾಯವನ್ನು ಸೇರಿಸಬೇಡಿ, ಅದು ಮುಂದಿನ ಸುತ್ತಿನ ಕೆಲಸ.

ಈಗ ಆ ಇಲ್ಲದ ಹಂತವನ್ನು ಹುಡುಕಬೇಕು. ನನ್ನ ಬಳಿ ಅದಕ್ಕೆ ಕೆಲವು ಪ್ರಶ್ನೆಗಳಿವೆ. ಕೆಲಸ ಸರಿಯಾಗಿ ನಡೆಯದಿದ್ದಾಗ ಏನು ಮಾಡುತ್ತೀರಿ? ಅಂಟಿದರೆ, ಸಿಕ್ಕಿಕೊಂಡರೆ, ಕರೆಂಟು ಹೋದರೆ, ಹೆಲ್ಪರ್ ಬರದಿದ್ದರೆ? ಯಂತ್ರದ ಸುತ್ತ ಬಿದ್ದ ಸ್ಕ್ರ್ಯಾಪನ್ನು ಯಾರು, ಯಾವಾಗ ಎತ್ತುತ್ತಾರೆ? ಯಂತ್ರ ನಡೆಯುತ್ತಿರುವಾಗಲೇ ಎಣ್ಣೆ ಬಿಡುತ್ತೀರಾ, ಒರೆಸುತ್ತೀರಾ? ಪಾಳಿಯ ಕೊನೆಯ ಅರ್ಧ ಗಂಟೆಯಲ್ಲಿ ಏನಾದರೂ ಬೇರೆ ಥರ ಮಾಡುತ್ತೀರಾ? ರಾತ್ರಿ ಪಾಳಿಯಲ್ಲಿ? ಈ ಪ್ರಶ್ನೆಗಳ ನಂತರ ಆರು ಹಂತಗಳಿದ್ದ ಆ ಕೆಲಸ ಹನ್ನೊಂದು ಹಂತಗಳಾಯಿತು. ಹೊಸದಾಗಿ ಸೇರಿದ ಐದರಲ್ಲಿ ನಾಲ್ಕು, ಕೈಯನ್ನು ಡೈಯ ಹತ್ತಿರಕ್ಕೆ ತರುವಂಥವು.

ಅಪಾಯವನ್ನು ಪೂರ್ಣ ವಾಕ್ಯದಲ್ಲಿ ಬರೆಯಿರಿ

ಇಲ್ಲಿ ನಾನು ಹಟಮಾರಿ. 'ಬೆರಳಿಗೆ ಪೆಟ್ಟು' ಎಂದು ಬರೆದ ಹಾಳೆಯನ್ನು ನಾನು ವಾಪಸು ಕೊಡುತ್ತೇನೆ. ಅದು ಪರಿಣಾಮ, ಅಪಾಯವಲ್ಲ. ಯಾವಾಗ, ಯಾರ, ಯಾವ ಅಂಗ, ಯಾವುದಕ್ಕೆ ತಾಗಿ, ಯಾವ ಕಾರಣದಿಂದ ಎಂಬುದೆಲ್ಲ ಒಂದು ವಾಕ್ಯದಲ್ಲಿ ಬರಬೇಕು. ಅಂದು ನಾವು ಬರೆದ ವಾಕ್ಯ ಇದು (ರ‍್ಯಾಮ್ ಎಂದರೆ ಪ್ರೆಸ್ಸಿನಲ್ಲಿ ಮೇಲಿನಿಂದ ಇಳಿದು ಒತ್ತುವ ಭಾಗ, ಕ್ಲಚ್ ಎಂದರೆ ತಿರುಗುವ ಚಕ್ರವನ್ನು ರ‍್ಯಾಮಿಗೆ ಜೋಡಿಸಿ ಬಿಡಿಸುವ ಭಾಗ):

"ಎಣ್ಣೆ ಸಾಲದೆ ಜಾಬ್ ಡೈಗೆ ಅಂಟಿದಾಗ, ಅದನ್ನು ಎಬ್ಬಿಸಲು ಆಪರೇಟರ್ ಬಲಗೈಯನ್ನು ರ‍್ಯಾಮ್ ಕೆಳಗೆ ಹಾಕುತ್ತಾನೆ, ಕಾಲು ಪೆಡಲಿನ ಮೇಲೆಯೇ ಇದ್ದು ಜಾರಿ ಒತ್ತಿದರೆ, ಅಥವಾ ಕ್ಲಚ್ ಕೆಟ್ಟು ಪ್ರೆಸ್ ತಾನಾಗಿ ಮತ್ತೊಮ್ಮೆ ಇಳಿದರೆ, ಬೆರಳು ನುಜ್ಜುಗುಜ್ಜಾಗುತ್ತದೆ."

ಇಂಥ ಒಂದು ವಾಕ್ಯ ಬರೆದರೆ ಅರ್ಧ ಪರಿಹಾರ ಅದರೊಳಗೇ ಕಾಣುತ್ತದೆ. ಎಣ್ಣೆ ಯಾಕೆ ಸಾಲುತ್ತಿಲ್ಲ? ಜಾಬ್ ತಾನೇ ಹೊರಬರುವಂತೆ ಮಾಡಬಹುದೇ? ಕೈ ಒಳಗೆ ಹೋಗಲು ಜಾಗವೇ ಯಾಕಿದೆ? ಪೆಡಲಿನ ಮೇಲೆ ಮುಚ್ಚಿಗೆ ಯಾಕಿಲ್ಲ? 'ಬೆರಳಿಗೆ ಪೆಟ್ಟು' ಎಂದಷ್ಟೇ ಬರೆದರೆ ಹೊಳೆಯುವುದು ಕೈಗವಸು ಮಾತ್ರ. ಮೂವತ್ತು ಟನ್ ಒತ್ತಡದ ಕೆಳಗೆ ಕೈಗವಸು ಏನು ಮಾಡೀತು?

ಒಂದು ಹಂತಕ್ಕೆ ಒಂದೇ ಅಪಾಯ ಎಂದು ನಿಲ್ಲಬೇಡಿ. ಜಜ್ಜುವುದು, ಕೊಯ್ಯುವುದು, ಎಳೆದುಕೊಳ್ಳುವುದು, ಸುಡುವುದು, ಜಾರುವುದು, ಎತ್ತರದಿಂದ ಬೀಳುವುದು, ಕರೆಂಟು ಹೊಡೆಯುವುದು, ಹೊಗೆ ಮತ್ತು ದೂಳು, ಸದ್ದು, ಸೊಂಟಕ್ಕೆ ಬೀಳುವ ಭಾರ, ಹೀಗೆ ಪ್ರತಿ ಹಂತವನ್ನೂ ಒಮ್ಮೆ ಜರಡಿ ಹಿಡಿಯಿರಿ. ಸದ್ದನ್ನು ಬಹಳ ಮಂದಿ ಬಿಡುತ್ತಾರೆ. ನಮ್ಮ ದೇಶದ ನಿಯಮದಲ್ಲಿ ಎಂಟು ಗಂಟೆಯ ಪಾಳಿಗೆ 90 ಡೆಸಿಬಲ್ ಮಿತಿ. ಪ್ರೆಸ್ ಶಾಪಿನಲ್ಲಿ ಒಂದು ಮಾರು ದೂರದವರೊಡನೆ ಮಾತನಾಡಲು ಕೂಗಬೇಕಾದರೆ ಅಳತೆ ಮಾಡಿಸಲೇಬೇಕು ಎಂದು ತಿಳಿಯಿರಿ. ಕಿವಿ ಹೋಗುವುದು ಬೆರಳು ಹೋದಂತೆ ಒಂದು ದಿನದಲ್ಲಿ ಅಲ್ಲ, ಹಾಗಾಗಿ ಯಾವ ಫೈಲಿನಲ್ಲೂ ದಾಖಲಾಗುವುದಿಲ್ಲ.

ಎಷ್ಟು ಗಂಭೀರ, ಎಷ್ಟು ಸಂಭವ ಎಂದು ಒಂದರಿಂದ ಐದರವರೆಗೆ ಅಂಕ ಕೊಟ್ಟು ಗುಣಿಸುವ ಪದ್ಧತಿಯಿದೆ. ಯಾವುದನ್ನು ಮೊದಲು ಸರಿಪಡಿಸಬೇಕು ಎಂದು ತಿಳಿಯಲು ಅದು ಉಪಯುಕ್ತ. ಆದರೆ ಮೂರೋ ನಾಲ್ಕೋ ಎಂದು ಗಂಟೆಗಟ್ಟಲೆ ವಾದ ಮಾಡಬೇಡಿ. "ಇಲ್ಲಿ ಇದುವರೆಗೆ ಯಾರಿಗೂ ಏನೂ ಆಗಿಲ್ಲ" ಎಂದು ಸಂಭವಕ್ಕೆ ಒಂದು ಅಂಕ ಕೊಡುವುದು ಮಾತ್ರ ದೊಡ್ಡ ತಪ್ಪು. ಆ ಹುಡುಗನ ಪ್ರೆಸ್ಸಿನಲ್ಲೂ ಅದರ ಹಿಂದಿನ ದಿನದವರೆಗೆ ಏನೂ ಆಗಿರಲಿಲ್ಲ.

ತಡೆ: ಮೇಲಿನ ಮೆಟ್ಟಿಲಿನಿಂದ ಇಳಿಯುವುದು

ಅಪಾಯವನ್ನು ತಡೆಯುವುದಕ್ಕೆ ಐದು ಮೆಟ್ಟಿಲುಗಳಿವೆ. ಅಪಾಯವನ್ನೇ ಇಲ್ಲವಾಗಿಸುವುದು, ಕಡಿಮೆ ಅಪಾಯದ ವಸ್ತು ಅಥವಾ ವಿಧಾನಕ್ಕೆ ಬದಲಾಗುವುದು, ಯಂತ್ರದಲ್ಲೇ ತಡೆ ಕಟ್ಟುವುದು, ನಿಯಮ ಮತ್ತು ತರಬೇತಿ, ಕೊನೆಗೆ ಹೆಲ್ಮೆಟ್, ಕೈಗವಸು, ಕನ್ನಡಕ. ಮೇಲಿನ ಮೂರು ಮೆಟ್ಟಿಲುಗಳು ಮನುಷ್ಯ ದಣಿದಾಗಲೂ ಮರೆತಾಗಲೂ ಅವನನ್ನು ಕಾಯುತ್ತವೆ. ಕೆಳಗಿನ ಎರಡು, ಅವನು ಪ್ರತಿ ಕ್ಷಣ ಎಚ್ಚರವಾಗಿದ್ದರೆ ಮಾತ್ರ. ಬೆಳಿಗ್ಗೆ ಏಳಕ್ಕೆ ನಿಂತವನು ಮಧ್ಯಾಹ್ನ ಮೂರಕ್ಕೆ ಅದೇ ಎಚ್ಚರದಲ್ಲಿ ಇರುವುದಿಲ್ಲ. ಇದು ಯಾರ ತಪ್ಪೂ ಅಲ್ಲ, ದೇಹದ ಧರ್ಮ.

ಆ ಪ್ರೆಸ್ಸಿಗೆ ಏನು ಮಾಡಿದೆವು ಎಂದು ಹೇಳುತ್ತೇನೆ. ಮೊದಲು ಅಂಟುವುದನ್ನೇ ನಿಲ್ಲಿಸಲು ಹೊರಟೆವು. ಡೈಯೊಳಗೆ ಜಾಬನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗ್ ಸವೆದುಹೋಗಿತ್ತು, ಬದಲಾಯಿಸಿದೆವು. ಬಟ್ಟೆಯಿಂದ ಎಣ್ಣೆ ಸವರುತ್ತಿದ್ದ ಜಾಗಕ್ಕೆ ರೋಲರ್ ಬಂತು. ಒತ್ತಿದ ಜಾಬನ್ನು ಹಿಂದಕ್ಕೆ ಹಾರಿಸಲು ಗಾಳಿಯ ನಳಿಕೆ ಇಟ್ಟೆವು. ತುಂಡನ್ನು ಕೈಯಿಂದ ಒಳಗಿಡುವ ಬದಲು ಹೊರಗಿನಿಂದಲೇ ದೂಡುವ ಜಾರು ತಟ್ಟೆ ಮಾಡಿಸಿ, ಅದರ ಮೇಲೆ ಡೈ ಸುತ್ತ ಬಿಗಿದು ಕೂರಿಸಿದ ಗಾರ್ಡ್ ಹಾಕಿದೆವು. ಗಾರ್ಡಿನ ಕಿಂಡಿ ತುಂಡು ಹೋಗುವಷ್ಟೇ ಇರಬೇಕು, ಬೆರಳ ತುದಿ ಅಪಾಯದ ಜಾಗ ಮುಟ್ಟಬಾರದು. ಕಿಂಡಿ ಅಗಲವಾದಷ್ಟೂ ಗಾರ್ಡ್ ಡೈಯಿಂದ ದೂರ ಸರಿಯಬೇಕು. ಪೆಡಲಿಗೆ ಮುಚ್ಚಿಗೆ ಬಂತು. ಅಂಟುವುದೇ ನಿಂತ ಮೇಲೆ ಗಾರ್ಡ್ ಬಿಚ್ಚುವ ಕಾರಣವೂ ನಿಂತಿತು. ಊಟದ ಡಬ್ಬಿಯ ಎದುರು ಬಂದ ಉತ್ತರದಿಂದ ಇದೆಲ್ಲ ಹೊಳೆಯಿತು ಎಂಬುದನ್ನು ಮರೆಯಬೇಡಿ.

ಒಂದು ತಾಂತ್ರಿಕ ವಿಷಯ, ಏಕೆಂದರೆ ಇಲ್ಲಿ ಮೋಸಹೋಗುವವರು ಬಹಳ. ಬೆಳಕಿನ ಪರದೆ, ಅಂದರೆ ಲೈಟ್ ಕರ್ಟನ್, ಹಾಕಿಸಿದರೆ ಪ್ರೆಸ್ ಸುರಕ್ಷಿತ ಎಂದು ಮಾರುವವರು ಹೇಳುತ್ತಾರೆ. ಸಣ್ಣ ಶಾಪುಗಳ ಹಳೆಯ ಪ್ರೆಸ್ಸುಗಳಲ್ಲಿ ಇರುವುದು ಬಹುಮಟ್ಟಿಗೆ ಪಿನ್ ಕ್ಲಚ್ ಅಥವಾ ಕೀ ಕ್ಲಚ್. ಅದು ಒಮ್ಮೆ ಹಿಡಿಯಿತೆಂದರೆ ರ‍್ಯಾಮ್ ಪೂರ್ತಿ ಕೆಳಗಿಳಿದು ಮೇಲೆ ಬಂದೇ ನಿಲ್ಲುತ್ತದೆ, ನಡುವೆ ನಿಲ್ಲಿಸಲು ಸಾಧ್ಯವಿಲ್ಲ. ಬೆಳಕಿನ ಪರದೆ ಕೈಯನ್ನು ಗುರುತಿಸಬಹುದು, ರ‍್ಯಾಮನ್ನು ತಡೆಯಲಾರದು. ಆ ಪರದೆ ಕೆಲಸಕ್ಕೆ ಬರುವುದು ನಡುದಾರಿಯಲ್ಲಿ ನಿಲ್ಲಬಲ್ಲ ಕ್ಲಚ್ ಮತ್ತು ಬ್ರೇಕ್ ಇರುವ ಪ್ರೆಸ್ಸಿಗೆ ಮಾತ್ರ. ಪಿನ್ ಕ್ಲಚ್ ಪ್ರೆಸ್ಸಿಗೆ ಬಿಗಿದು ಕೂರಿಸಿದ ಗಾರ್ಡೇ ಗತಿ. ಅದೇ ಕ್ಲಚ್ಚಿನ ಸ್ಪ್ರಿಂಗ್ ಮುರಿದರೆ ಪೆಡಲ್ ಒತ್ತದೆಯೇ ಎರಡನೆಯ ಸಲ ಇಳಿಯುತ್ತದೆ. ಶಾಪಿನವರು ಅದನ್ನು ಡಬಲ್ ಸ್ಟ್ರೋಕ್ ಎನ್ನುತ್ತಾರೆ. ಹಾಗಾಗಿ ಕ್ಲಚ್ ತಪಾಸಣೆಯ ದಿನಾಂಕ ಜೆಎಸ್‌ಎಯಲ್ಲಿ ಬರಬೇಕು.

ಪ್ರತಿ ತಡೆಯ ಮುಂದೆಯೂ "ಇದರಿಂದ ಹೊಸ ಅಪಾಯ ಹುಟ್ಟುತ್ತದೆಯೇ?" ಎಂದು ಕೇಳಿಕೊಳ್ಳಿ. ಗಾಳಿಯ ನಳಿಕೆ ಸದ್ದು ಹೆಚ್ಚಿಸಿತು, ಚೂರುಗಳನ್ನು ಹಾರಿಸಿತು. ಹಿಂದೆ ತಗಡಿನ ಮರೆ ಕಟ್ಟಬೇಕಾಯಿತು, ಕಿವಿಗೆ ಪ್ಲಗ್, ಕಣ್ಣಿಗೆ ಕನ್ನಡಕ ಬಂದವು. ಕೈಗವಸು ಕೂಡ ಎಲ್ಲೆಡೆ ಒಳ್ಳೆಯದಲ್ಲ. ತಗಡಿನ ಅಂಚು ಕೊಯ್ಯದಿರಲು ಬೇಕೇ ಬೇಕು, ಡ್ರಿಲ್ಲಿಂಗ್ ಯಂತ್ರದ ಎದುರು ಹಾಕಲೇಬಾರದು. ತಿರುಗುವ ಬಿಟ್ ಕೈಗವಸಿನ ದಾರ ಹಿಡಿದರೆ ಕೈಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ.

ಡೈ ಬದಲಾಯಿಸುವಾಗ

ಅದೇ ಪ್ರೆಸ್ಸಿಗೆ ಇನ್ನೊಂದು ಕಾಗದ ಬೇಕು, ಏಕೆಂದರೆ ಡೈ ಬದಲಾಯಿಸುವುದು ಬೇರೆಯೇ ಕೆಲಸ, ಬೇರೆಯೇ ಮನುಷ್ಯ. ಇದರಲ್ಲಿ ಎರಡು ಸಂಗತಿ ಹೇಳುತ್ತೇನೆ. ಮೋಟರ್ ಆಫ್ ಮಾಡಿದ ಮೇಲೂ ಫ್ಲೈವ್ಹೀಲ್, ಅಂದರೆ ಪ್ರೆಸ್ಸಿನ ಭಾರದ ಚಕ್ರ, ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಆಗ ಪೆಡಲ್ ತಾಗಿದರೆ ರ‍್ಯಾಮ್ ಇಳಿಯುತ್ತದೆ. ಮೇನ್ ಸ್ವಿಚ್ ಆರಿಸಿ, ಬೀಗ ಹಾಕಿ, ಕೀಲಿಯನ್ನು ಡೈ ಕೂರಿಸುವ ಸೆಟ್ಟರ್ ತನ್ನ ಜೇಬಿನಲ್ಲಿಟ್ಟುಕೊಂಡು, ಚಕ್ರ ಪೂರ್ತಿ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆ ಕೈ ಒಳಗೆ ಹೋಗಬೇಕು. ರ‍್ಯಾಮ್ ಕೆಳಗೆ ಅದರ ಭಾರ ತಾಳುವ ಬ್ಲಾಕ್ ಇಡಬೇಕು.

ಎರಡನೆಯದು ರಾಡ್. ರ‍್ಯಾಮನ್ನು ಕೈಯಿಂದ ಇಳಿಸಲು ಫ್ಲೈವ್ಹೀಲಿನ ರಂಧ್ರಕ್ಕೆ ರಾಡ್ ಹಾಕಿ ತಿರುಗಿಸುತ್ತಾರೆ. ಅದನ್ನು ಅಲ್ಲೇ ಮರೆತು ಮೋಟರ್ ಶುರು ಮಾಡಿದರೆ ರಾಡ್ ಹಾರುತ್ತದೆ, ಎದುರಿದ್ದವರ ತಲೆಗೆ ಬಡಿಯುತ್ತದೆ. 'ರಾಡ್ ತೆಗೆಯುವುದು' ಎಂಬುದನ್ನು ಬೇರೆ ಹಂತವಾಗಿಯೇ ಬರೆಯಿರಿ. ಕೈಬಿಟ್ಟೊಡನೆ ಸ್ಪ್ರಿಂಗಿನಿಂದ ತಾನೇ ಹೊರಬೀಳುವ ರಾಡ್ ಮಾಡಿಸಿದರೆ ಇನ್ನೂ ಉತ್ತಮ, ಆಗ ಮರೆವಿಗೆ ಜಾಗವಿಲ್ಲ.

ಹೋಟೆಲಿನ ಅಡುಗೆಮನೆಯಲ್ಲಿ

ಮುಂಬೈ ಕಡೆ ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮವರ ಹೋಟೆಲುಗಳಿವೆ. ಅವರಿಗೂ ಇದೇ ಕ್ರಮ ಸಲ್ಲುತ್ತದೆ. ಒಂದು ಕೆಲಸ ತೆಗೆದುಕೊಳ್ಳಿ: ವಡೆ ಕರಿದ ಬಾಣಲೆಯ ಎಣ್ಣೆ ಸೋಸುವುದು. ರಾತ್ರಿ ಹೋಟೆಲು ಮುಚ್ಚುವ ಹೊತ್ತು, ಎಲ್ಲರಿಗೂ ಕೊನೆಯ ಲೋಕಲ್ ರೈಲು ಹಿಡಿಯುವ ಅವಸರ. ಎಣ್ಣೆ ಇನ್ನೂ ಕುದಿಬಿಸಿ. ನೆಲ ಆಗತಾನೆ ತೊಳೆದದ್ದು. ಇಬ್ಬರು ಹುಡುಗರು ಬಾಣಲೆಯ ಎರಡು ಕಿವಿ ಹಿಡಿದು ಮೋರಿಯ ಪಕ್ಕದ ಡಬ್ಬದವರೆಗೆ ನಡೆಯುತ್ತಾರೆ. ವಾಕ್ಯ ತಾನಾಗಿಯೇ ಹುಟ್ಟುತ್ತದೆ: ಒದ್ದೆ ನೆಲದಲ್ಲಿ ಒಬ್ಬನ ಕಾಲು ಜಾರಿದರೆ ಬಿಸಿ ಎಣ್ಣೆ ಇಬ್ಬರ ಕಾಲಿನ ಮೇಲೂ ಸುರಿಯುತ್ತದೆ.

ಬೂಟು ಕೊಡಿ, ಏಪ್ರನ್ ಕೊಡಿ ಎನ್ನುವ ಮೊದಲು ಮೇಲಿನ ಮೆಟ್ಟಿಲಿನಲ್ಲಿ ನಿಂತು ಯೋಚಿಸಿ. ರಾತ್ರಿಯೇ ಯಾಕೆ ಸೋಸಬೇಕು? ಬಾಣಲೆಗೆ ಮುಚ್ಚಳ ಹಾಕಿ ಅಲ್ಲೇ ಬಿಟ್ಟು, ಬೆಳಿಗ್ಗೆ ಒಲೆ ಹಚ್ಚುವ ಮೊದಲು ತಣ್ಣಗಾದ ಎಣ್ಣೆ ಸೋಸಿದರೆ ಸುಡುವ ಅಪಾಯವೇ ಇಲ್ಲ. ಖರ್ಚು ಇಲ್ಲ, ಯಂತ್ರ ಬೇಡ, ಸಮಯ ಬದಲಾಯಿತಷ್ಟೆ. ಅದೇ ಕಾಗದದಲ್ಲಿ ಇನ್ನೊಂದು ಸಾಲು ದಪ್ಪ ಅಕ್ಷರದಲ್ಲಿ ಇರಲಿ: ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ನೀರು ಎಣ್ಣೆಯ ಕೆಳಗಿಳಿದು ಕ್ಷಣದಲ್ಲಿ ಹಬೆಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಅಡುಗೆಮನೆ ತುಂಬ ಎರಚುತ್ತದೆ. ಗ್ಯಾಸ್ ಬಂದ್ ಮಾಡಿ ಮುಚ್ಚಳದಿಂದ ಮುಚ್ಚಬೇಕು. ಆ ಮುಚ್ಚಳ ಒಲೆಯ ಪಕ್ಕ ಕೈಗೆಟಕುವಲ್ಲಿ ತೂಗುಹಾಕಿರಬೇಕು, ಅಟ್ಟದ ಮೇಲಲ್ಲ.

ಕಾಗದ ಯಾರ ಭಾಷೆಯಲ್ಲಿ

ಆಫೀಸಿಗೆ ಇಂಗ್ಲಿಷ್ ಪ್ರತಿ, ಇಲಾಖೆಯವರು ಬಂದಾಗ ತೋರಿಸಲು ಮರಾಠಿ ಪ್ರತಿ, ಇರಲಿ. ಯಂತ್ರದ ಪಕ್ಕ ತೂಗುವ ಪ್ರತಿ ಅದನ್ನು ನಡೆಸುವವರ ಭಾಷೆಯಲ್ಲಿರಬೇಕು. ಶಾಪಿನಲ್ಲಿ ಹತ್ತು ಮಂದಿ ಕನ್ನಡಿಗರಿದ್ದರೆ ಕನ್ನಡದಲ್ಲಿ ಬರೆಯಿರಿ, ಅವರು ಆಡುವ ಪದಗಳಲ್ಲೇ ಬರೆಯಿರಿ. ಸ್ಪ್ಯಾನರನ್ನು ಅವರು ಪಾನಾ ಎಂದು ಕರೆದರೆ ಪಾನಾ ಎಂದೇ ಬರೆಯಿರಿ. ಓದಲು ಬಾರದವರೂ ಇರುತ್ತಾರೆ. ಪ್ರತಿ ಹಂತಕ್ಕೆ ಅದೇ ಯಂತ್ರದ ಒಂದು ಫೋಟೊ ಹಚ್ಚಿ. ಕಾಗದ ಒಂದು ಪುಟ, ಹೆಚ್ಚೆಂದರೆ ಎರಡು ಪುಟ ಇರಲಿ. ಅಂಕಣಗಳು ಹಂತ, ಅಪಾಯ, ತಡೆ ಮತ್ತು ಯಾರು ಯಾವ ದಿನಾಂಕದೊಳಗೆ ಮಾಡುತ್ತಾರೆ ಎಂಬ ನಾಲ್ಕು. ಕೊನೆಯ ಅಂಕಣ ಖಾಲಿಯಿದ್ದರೆ ಆ ತಡೆ ಎಂದೂ ಬರುವುದಿಲ್ಲ.

ಸಹಿ ಹಾಕಿಸುವ ಮೊದಲು ಓದಿ ಹೇಳಿ. ಆಮೇಲೆ ಅವರಿಂದ ಕೆಲಸ ಮಾಡಿಸಿ ನೋಡಿ. ಕಾಗದದಂತೆ ಮಾಡಲು ಆಗದಿದ್ದರೆ ಕಾಗದವನ್ನು ತಿದ್ದಿ.

ತಿದ್ದುವ ದಿನಗಳು

ಯಂತ್ರ, ವಸ್ತು, ಮನುಷ್ಯ, ಪಾಳಿ ಬದಲಾದಾಗ, ಅಪಘಾತವಾದಾಗ, ಸ್ವಲ್ಪದರಲ್ಲಿ ತಪ್ಪಿದಾಗ ಕಾಗದವನ್ನು ಮತ್ತೆ ತೆರೆಯಬೇಕು. ಸ್ವಲ್ಪದರಲ್ಲಿ ತಪ್ಪಿದ್ದನ್ನು ಬರೆದಿಡಲು ಗೋಡೆಗೆ ಒಂದು ನೋಟ್‌ಬುಕ್ ಕಟ್ಟಿ, ಹೆಸರು ಕೇಳಬೇಡಿ. ಏನೂ ಬದಲಾಗದಿದ್ದರೂ ವರ್ಷಕ್ಕೊಮ್ಮೆ ನೋಡಿ. ರಾಷ್ಟ್ರೀಯ ಸುರಕ್ಷತಾ ಪರಿಷತ್ತು 1966ರ ಮಾರ್ಚ್ 4ರಂದು ಸ್ಥಾಪನೆಯಾಯಿತು, ಅದರ ನೆನಪಿಗೆ ಆ ದಿನ ಎಲ್ಲೆಡೆ ಬ್ಯಾಡ್ಜ್ ಹಚ್ಚಿ ಪ್ರತಿಜ್ಞೆ ಓದುತ್ತಾರೆ. ಅದೇ ವಾರವನ್ನು ಜೆಎಸ್‌ಎ ತಿದ್ದಲು ಇಟ್ಟುಕೊಳ್ಳಿ. ಪರಿಷತ್ತಿನ ಕೇಂದ್ರ ಕಚೇರಿ ನವಿ ಮುಂಬೈಯ ಬೇಲಾಪುರದಲ್ಲಿದೆ, ಕೇಂದ್ರ ಕಾರ್ಮಿಕ ಸಂಸ್ಥೆ ಮುಂಬೈಯ ಸಾಯನ್‌ನಲ್ಲಿದೆ. ಎರಡೂ ಕಡೆ ಸುರಕ್ಷತಾ ತರಬೇತಿಗಳು ನಡೆಯುತ್ತವೆ. ಒಬ್ಬ ಸೂಪರ್‌ವೈಸರ್‌ನನ್ನಾದರೂ ಕಳಿಸಿ.

ಭೋಸರಿಯ ಆ ಹುಡುಗ ಕೆಲವು ತಿಂಗಳ ನಂತರ ಅದೇ ಶಾಪಿಗೆ ಮರಳಿದ, ಜಾಬ್ ತಪಾಸಣೆಯ ಟೇಬಲ್ಲಿಗೆ. ನಾವು ಹೊಸದಾಗಿ ಬರೆದ ಹನ್ನೊಂದು ಹಂತಗಳ ಕನ್ನಡ ಪ್ರತಿಯನ್ನು ಅವನ ಎದುರು ಓದಿದೆ. ಅವನು ಎಡಗೈಯಿಂದ ಕಾಗದ ಹಿಡಿದು ಮೇಲಿನಿಂದ ಕೆಳಗೆ ಎರಡು ಸಲ ನೋಡಿದ.

"ರಾತ್ರಿ ಎರಡು ಗಂಟೆಗೆ ಕಂಪ್ರೆಸರ್ ಬಂದ್ ಮಾಡುತ್ತಾರೆ, ಸಾಹೇಬರೇ. ಆಮೇಲೆ ಗಾಳಿ ಬರುವುದಿಲ್ಲ. ಜಾಬ್ ಹೊರಗೆ ಹಾರುವುದಿಲ್ಲ. ಆಗ ಮತ್ತೆ ಗಾರ್ಡ್ ಬಿಚ್ಚುತ್ತಾರೆ."

ನಾವು ಯಾರೂ ರಾತ್ರಿ ಎರಡು ಗಂಟೆಗೆ ಅಲ್ಲಿ ನಿಂತಿರಲಿಲ್ಲ. ಮರುವಾರ ಎಲೆಕ್ಟ್ರಿಷಿಯನ್ ಬಂದು, ಗಾಳಿಯ ಒತ್ತಡ ಇಲ್ಲದಿದ್ದರೆ ಪ್ರೆಸ್ಸೇ ಶುರುವಾಗದಂತೆ ಸ್ವಿಚ್ ಕೂರಿಸಿದ. ಹನ್ನೆರಡನೆಯ ಹಂತವನ್ನು ಹುಡುಗ ಹೇಳಿದ ಮಾತಿನಲ್ಲೇ ಬರೆದು, ಕಾಗದವನ್ನು ಪ್ರೆಸ್ಸಿನ ಪಕ್ಕ ತೂಗುಹಾಕಿದೆವು.